ಒಂದೇ ಗುಡ್ಡ, ಹತ್ತಾರು ಆದೇಶ: ಮಲೆನಾಡಿಗೆ 'ವರದಿ' ಎಂದರೆ ಭಯ ಯಾಕೆ?

2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಚನೆ ಬಿಡಿ, ಶರಾವತಿಯನ್ನು ಅವಳ ಪಾಡಿಗೆ ಬಿಡಿ ಅನ್ನುವುದು ಬೇಡಿಕೆ. ಅಂಗಡಿಯವರು, ರೈತರು, ಕಾಲೇಜು ಹುಡುಗರು, ಸಾಹಿತಿಗಳು ಎಲ್ಲ ಒಟ್ಟಿಗೆ ಬಂದಿದ್ದರು. ಆದರೆ ಇದೇ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಪಶ್ಚಿಮ ಘಟ್ಟ ಉಳಿಸಲು ಬಂದ ಕಸ್ತೂರಿರಂಗನ್ ವರದಿ ಅಂದರೆ ಸಾಕು, ಇದೇ ಜನ ಅದರ ವಿರುದ್ಧವೂ ಬೀದಿಗೆ ಇಳಿಯುತ್ತಾರೆ.

ಬೆಂಗಳೂರಿನ ಗೆಳೆಯರು ಕೇಳುತ್ತಾರೆ, "ನಿಮಗೆ ಕಾಡು ಬೇಕಾ, ಬೇಡ್ವಾ? ಒಂದು ಹೇಳಿ." ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಉತ್ತರ ಬೇಕಾದರೆ ಮಲೆನಾಡಿನವರ ಮನಸ್ಸನ್ನು ಹುಡುಕುವುದಕ್ಕಿಂತ ಸರ್ಕಾರದ ಕಡತಗಳನ್ನು ನೋಡುವುದು ಒಳ್ಳೆಯದು. ನೂರೈವತ್ತು ವರ್ಷಗಳಲ್ಲಿ ಸರ್ಕಾರ ಈ ಗುಡ್ಡಗಳಿಂದ ಏನು ಬಯಸಿತು ಅನ್ನುವುದು ಮತ್ತೆ ಮತ್ತೆ ಬದಲಾಗಿದೆ. ಹೊಸ ಆಸೆ ಬಂದಾಗ ಹೊಸ ಆದೇಶ ಬಂತು. ಹಳೆಯ ಆದೇಶವನ್ನು ಯಾರೂ ತೆಗೆದುಹಾಕಲಿಲ್ಲ. ಹಾಗಾಗಿ ಇವತ್ತು ಒಂದೇ ಸರ್ವೆ ನಂಬರಿನ ಮೇಲೆ ನಾಲ್ಕೈದು ಕಾಲದ ಸರ್ಕಾರಗಳು ಒಟ್ಟಿಗೆ ಕೂತಿವೆ.

ಶುರುವಿನ ಕಥೆ ಬೇಗ ಮುಗಿಸಬಹುದು. ಬ್ರಿಟಿಷರಿಗೆ ಬೇಕಾಗಿದ್ದು ಮರ. ರೈಲು ಹಳಿಗೆ, ಹಡಗಿಗೆ, ಖಜಾನೆಗೆ. 1865, 1878ರ ಅರಣ್ಯ ಕಾಯ್ದೆಗಳು, ಮೈಸೂರು ಸಂಸ್ಥಾನದಲ್ಲಿ 1900ರ ಅರಣ್ಯ ರೆಗ್ಯುಲೇಶನ್, ಎಲ್ಲದರ ತಿರುಳು ಒಂದೇ: ಒಳ್ಳೆಯ ಕಾಡು ಸರ್ಕಾರದ್ದು, ಉಳಿದದ್ದರಲ್ಲಿ ನಿಮಗೆ ಕೆಲವು ಸವಲತ್ತು. ಸೊರಬದ ಕಾನುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಊರಿನವರೇ ತಲೆಮಾರುಗಳಿಂದ ಮೆಣಸು, ಬೈನೆ ಅಂತ ನೋಡಿಕೊಂಡು ಬಂದಿದ್ದ ದಟ್ಟ ಹಸಿರು ಕಾಡುಗಳವು. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದರು. ಆಮೇಲೆ ನಿಧಾನಕ್ಕೆ ಊರಿನವರ ಹಿಡಿತ ತಪ್ಪಿತು. ಅಡಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಉಳಿಯಿತು, ಸೊಪ್ಪು ಕೊಯ್ಯಬಹುದು, ಆದರೆ ಜಾಗ ನಿಮ್ಮದಲ್ಲ. ಈ ಅರ್ಧಂಬರ್ಧ ಹಕ್ಕು ಇವತ್ತಿಗೂ ಹಾಗೇ ಇದೆ.

ಸ್ವಾತಂತ್ರ್ಯ ಬಂದ ಮೇಲೆ ಕಾಡಿನ ಕಾಯ್ದೆಯ ತಿರುಳು ಬದಲಾಗಲಿಲ್ಲ, ಕಾಡಿನ ಮೇಲಿನ ಆಸೆ ಬದಲಾಯಿತು. ದೇಶಕ್ಕೆ ಅನ್ನ ಇಲ್ಲ, 'ಗ್ರೋ ಮೋರ್ ಫುಡ್' ಅಂತ ಸರ್ಕಾರವೇ ಕಾಡಂಚಿನ ಜಾಗ ಕೊಟ್ಟು ಉಳುಮೆ ಮಾಡಿ ಎಂದಿತು. ಅವತ್ತು ಗುಡ್ಡ ಕಡಿದು ಗದ್ದೆ ಮಾಡಿದವನು ದೇಶಸೇವಕ. ಅದೇ ಗದ್ದೆಗೆ ಅವನ ಮೊಮ್ಮಗ ಇವತ್ತು ಒತ್ತುವರಿದಾರ. ಮಧ್ಯದಲ್ಲಿ ಗದ್ದೆ ಒಂದಿಂಚೂ ಆಚೀಚೆ ಹೋಗಿಲ್ಲ.

ಇನ್ನು ಶರಾವತಿ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಯಾಕೆಂದರೆ ಸರ್ಕಾರದ ಮನಸ್ಸು ಹೇಗೆ ಬದಲಾಗುತ್ತದೆ, ಬದಲಾದಾಗ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಜೋಗದ ಮೊದಲ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. ಅದಕ್ಕೆ ನೀರು ಕೊಡಲು ಹಿರೇಭಾಸ್ಕರದ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಅಣೆಕಟ್ಟೇ ಮುಳುಗಿತು, ಜೊತೆಗೆ ನೂರಾರು ಊರುಗಳ ಗದ್ದೆ, ತೋಟ, ದೇವಸ್ಥಾನ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಹಳೆಯ ಅಣೆಕಟ್ಟು ಈಗಲೂ ತಲೆ ಎತ್ತುತ್ತದೆ, ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ರಾಜ್ಯಕ್ಕೆ ಶರಾವತಿ ಬೆಳಕು ಕೊಟ್ಟಿದ್ದು ಸುಳ್ಳಲ್ಲ. ಎಷ್ಟೋ ವರ್ಷ ಕರ್ನಾಟಕದ ಬಹುಪಾಲು ಕರೆಂಟು ಇಲ್ಲಿಂದಲೇ.

ಮುಳುಗಡೆಯಾದವರನ್ನು ಎಲ್ಲಿಗೆ ಕಳಿಸಿದರು? ಕಾಡಿಗೆ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಿನಂಚಿನಲ್ಲಿ ಜಾಗ ತೋರಿಸಿ ಇಲ್ಲಿ ಇರಿ ಎಂದರು. ಆಗ ಅರಣ್ಯ ರಾಜ್ಯದ ವಿಷಯ. ರಾಜ್ಯ ಸರ್ಕಾರ ಮನಸ್ಸು ಮಾಡಿದ್ದರೆ ಆ ಜಾಗವನ್ನು ಅರಣ್ಯದ ಲೆಕ್ಕದಿಂದ ತೆಗೆದು ಪಹಣಿ ಬರೆದುಕೊಡಲು ಯಾರನ್ನೂ ಕೇಳಬೇಕಿರಲಿಲ್ಲ. ಆ ಒಂದು ಕಾಗದದ ಕೆಲಸ ಮುಗಿಯಲಿಲ್ಲ. ಅಣೆಕಟ್ಟು ಕಟ್ಟುವ ಅವಸರ ಇತ್ತು, ಹಕ್ಕುಪತ್ರ ಬರೆಯುವ ಅವಸರ ಇರಲಿಲ್ಲ ಅಷ್ಟೆ.

ಅಷ್ಟರಲ್ಲಿ ಕಾಲ ತಿರುಗಿತು. 1972ರಲ್ಲಿ ಸ್ಟಾಕ್‌ಹೋಮ್ ಸಮಾವೇಶಕ್ಕೆ ಇಂದಿರಾ ಗಾಂಧಿ ಹೋಗಿ ಬಂದರು, ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅದೇ ವರ್ಷ ಶರಾವತಿ ಕಣಿವೆ ಅಭಯಾರಣ್ಯವಾಯಿತು. ಊರು ಮುಳುಗಿಸಿದ ಹಿನ್ನೀರಿನ ದೊಡ್ಡ ಭಾಗ ಈಗ ಅಭಯಾರಣ್ಯದ ಒಳಗೆ. 1976ರ 42ನೇ ತಿದ್ದುಪಡಿ ಅರಣ್ಯವನ್ನು ರಾಜ್ಯದ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯದ ಒಂದು ಗುಂಟೆ ಬೇರೆ ಕೆಲಸಕ್ಕೆ ಬಿಡಬೇಕಿದ್ದರೂ ದೆಹಲಿಯ ಒಪ್ಪಿಗೆ ಬೇಕು. ಕಾಯ್ದೆ ಒಳ್ಳೆಯದೇ. ರಾಜ್ಯ ಸರ್ಕಾರಗಳು ಕಾಡನ್ನು ಮನಸ್ಸಿಗೆ ಬಂದ ಹಾಗೆ ಹಂಚುತ್ತಿದ್ದವು, ಅದಕ್ಕೆ ತಡೆ ಬಿತ್ತು. ಆದರೆ 1960ರ ದಶಕದಲ್ಲಿ ಮುಗಿಯಬೇಕಿದ್ದ ಕಡತವೂ ಆ ತಡೆಯ ಒಳಗೇ ಸಿಕ್ಕಿಕೊಂಡಿತು.

ಆಮೇಲೆ ಬಂದ ರಾಜ್ಯ ಸರ್ಕಾರಗಳು ದೆಹಲಿಯನ್ನು ಕೇಳದೆ ತಾವೇ ಡಿನೋಟಿಫೈ ಆದೇಶ, ಅಂದರೆ ಆ ಜಾಗ ಇನ್ನು ಅರಣ್ಯವಲ್ಲ ಅನ್ನುವ ಆದೇಶ, ಹೊರಡಿಸಿದವು. ಹಕ್ಕುಪತ್ರ ಹಂಚುವ ಸಮಾರಂಭಗಳೂ ಆದವು, ಹಾರ, ಭಾಷಣ ಎಲ್ಲ. 2021ರಲ್ಲಿ ಹೈಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು: ಕೇಂದ್ರದ ಒಪ್ಪಿಗೆ ಎಲ್ಲಿ?

ಹಾಗಾದರೆ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, 2006ರದ್ದು? ಅದರ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲಿ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿ. 1930ರಿಂದ ಅಲ್ಲಿರಬೇಕು. ಸರ್ಕಾರವೇ ಇವರನ್ನು ತಂದು ಬಿಟ್ಟಿದ್ದು ಅದಾದ ಎಷ್ಟೋ ವರ್ಷದ ಮೇಲೆ! ಯಾವ ಕಾಯ್ದೆಯನ್ನೂ ಒಂದೊಂದಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಎಲ್ಲವನ್ನೂ ಒಬ್ಬನ ತಲೆ ಮೇಲೆ ಇಟ್ಟು ನೋಡಿದಾಗ ಗೊತ್ತಾಗುತ್ತದೆ.

ಇದೇ ಹೊತ್ತಿನಲ್ಲಿ ಸರ್ಕಾರದ ಇನ್ನೊಂದು ಕೈ ಬೇರೆ ಕೆಲಸ ಮಾಡುತ್ತಿತ್ತು. 1980ರಲ್ಲಿ, ಅಂದರೆ ಅರಣ್ಯ ಉಳಿಸುವ ಕಾಯ್ದೆ ಬಂದ ಅದೇ ವರ್ಷ, ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯ ಭೂಮಿ 40 ವರ್ಷಕ್ಕೆ ಗುತ್ತಿಗೆಗೆ ಹೋಯಿತು. ಬೇಕಾಗಿದ್ದು ಪಲ್ಪಿನ ಮರ. ಅಕೇಶಿಯಾ, ನೀಲಗಿರಿ ಬಂದವು. ಕಾಗದದಲ್ಲಿ ಅದು ಅರಣ್ಯವೇ, ಮೇಲಿನಿಂದ ನೋಡಿದರೆ ಹಸಿರೂ ಹೌದು. ಒಳಗೆ ಹೋಗಿ ನೋಡಿದವರಿಗೆ ಗೊತ್ತು, ದನಕ್ಕೆ ಮೇವಿಲ್ಲ, ತೋಟಕ್ಕೆ ಸೊಪ್ಪಿಲ್ಲ. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಇನ್ನಾದರೂ ಆ ಜಾಗ ಸಹಜ ಕಾಡಾಗಲಿ ಎಂದು ಜನ ಕಾಯುತ್ತಿದ್ದರೆ, ಮುಚ್ಚಿದ ಕಾರ್ಖಾನೆಯ ಹೆಸರಿಗೆ ಸರ್ಕಾರ ಮತ್ತೆ 40 ವರ್ಷ ನವೀಕರಣ ಮಾಡಿತು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಹೋರಾಟ ಹುಟ್ಟಿದ್ದು ಹೀಗೆ. ಇದರಲ್ಲಿ ಇದ್ದವರೂ ಇದೇ ಮಲೆನಾಡಿನವರು, ನೆನಪಿರಲಿ.

ಇದು ಹೊಸ ಜಗಳವೂ ಅಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಪಕ್ಕದ ಸಲ್ಕಣಿಯವರು ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ್ದರು. 1984ರಲ್ಲಿ ಹರಿಹರ ಪಾಲಿಫೈಬರ್ ಕಾರ್ಖಾನೆಗೆ ನೀಲಗಿರಿ ಬೆಳೆಯಲು ಸರ್ಕಾರವೇ ಪಾಲುದಾರನಾಗಿ 'ಕರ್ನಾಟಕ ಪಲ್ಪ್‌ವುಡ್' ಕಂಪನಿ ಮಾಡಿ, 30 ಸಾವಿರ ಹೆಕ್ಟೇರ್ ಕೊಡಲು ಹೊರಟಾಗ, 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತಲೇ ಅದರ ಹೆಸರು. ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಅಂದಿತು. ಮೂವತ್ತು ವರ್ಷ ಬೇಕಾಯಿತು, ಹಳ್ಳಿಯವರು ಹೇಳಿದ್ದನ್ನು ಸರ್ಕಾರ ತನ್ನ ಲೆಟರ್‌ಹೆಡ್ಡಿನಲ್ಲಿ ಹೇಳಲು.

ಗಂಧದ ಮರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2001ರವರೆಗೂ ನಿಮ್ಮ ಹಿತ್ತಲಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ. ಕಳ್ಳತನವಾದರೆ ವಿಚಾರಣೆ ನಿಮಗೆ. ಹಾಗಾಗಿ ಸಸಿ ಕಂಡರೆ ಸುಮ್ನೆ ಕಿತ್ತು ಹಾಕುವವರೇ ಜಾಸ್ತಿ. ರಕ್ಷಣೆಯ ಕಾನೂನೇ ಮರಕ್ಕೆ ಶತ್ರು ಆಗಿತ್ತು. 2001ರ ತಿದ್ದುಪಡಿಯಲ್ಲಿ ಮರ ಜಾಗದ ಮಾಲೀಕನದ್ದು ಅಂದ ಮೇಲೆ ಜನ ತಾವೇ ನೆಡಲು ಶುರು ಮಾಡಿದರು.

ಸರ್ಕಾರ ತಾನಾಗಿ ಬದಲಾಗದೆ ಕೋರ್ಟು ಬದಲಾಯಿಸಿದ ಕಥೆಗೆ ಕುದುರೆಮುಖ ನೋಡಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಬಂತು, ಇರಾನಿಗೆ ಅದಿರು ಕಳಿಸುವ ಲೆಕ್ಕಾಚಾರ. ಇರಾನಿನಲ್ಲಿ ಕ್ರಾಂತಿಯಾಗಿ ಲೆಕ್ಕಾಚಾರ ತಲೆಕೆಳಗಾಯಿತು, ಗಣಿ ಮಾತ್ರ ನಡೆಯಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಎಂದು ಘೋಷಣೆ ಆಯಿತು. ಒಂದೇ ಬೆಟ್ಟಸಾಲಿನಲ್ಲಿ ಒಂದು ಕಡೆ ಸಿಂಗಳೀಕಕ್ಕೆ ರಕ್ಷಣೆ, ಇನ್ನೊಂದು ಕಡೆ ಭದ್ರೆಗೆ ಕೆಂಪು ಕೆಸರು. 1969ರಲ್ಲೇ ಶುರುವಾಗಿದ್ದ 30 ವರ್ಷದ ಗುತ್ತಿಗೆ 1999ಕ್ಕೆ ಮುಗಿದರೂ ಗಣಿ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು, 2005ರ ಡಿಸೆಂಬರ್ 31ಕ್ಕೆ ನಿಲ್ಲಿಸಬೇಕಾಯಿತು.

ಕೋರ್ಟಿನ ಇನ್ನೊಂದು ದೊಡ್ಡ ಹೆಜ್ಜೆ 1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶ. ದಾಖಲೆಯಲ್ಲಿ ಯಾರ ಹೆಸರಿಗೇ ಇರಲಿ, ಕಾಡಿನ ಹಾಗೆ ಇರುವುದೆಲ್ಲ ಕಾಡು ಅಂದಿತು ಕೋರ್ಟು. ಪ್ರತಿ ರಾಜ್ಯ ಅಂಥ ಜಾಗದ ಪಟ್ಟಿ ಮಾಡಬೇಕಾಯಿತು. ನಮ್ಮ ಅಧಿಕಾರಿಗಳು 9.94 ಲಕ್ಷ ಹೆಕ್ಟೇರ್ ಪಟ್ಟಿ ಮಾಡಿದರು. ಅದೇ ಡೀಮ್ಡ್ ಫಾರೆಸ್ಟ್. ಪಟ್ಟಿಯೊಳಗೆ ಗೋಮಾಳ, ಸೊಪ್ಪಿನ ಬೆಟ್ಟ, ಮನೆ, ಶಾಲೆ, ತೋಟ ಎಲ್ಲ ಸೇರಿತ್ತು ಅನ್ನುವುದು ದೂರು, ದೂರಿನಲ್ಲಿ ನಿಜವೂ ಇತ್ತು. 2022ರಲ್ಲಿ ಸರ್ಕಾರ ಅದನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಸುಮಾರು ಮೂರರಲ್ಲಿ ಎರಡು ಭಾಗ 'ಕಾಡು' ಒಂದು ಅಧಿಸೂಚನೆಯಲ್ಲಿ ಕಾಡಲ್ಲದ ಜಾಗವಾಯಿತು. ಮರುವರ್ಷ ಕೇಂದ್ರವೇ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಯಾವುದಕ್ಕೆ ಕಾಯ್ದೆ ಅನ್ವಯ ಅನ್ನುವುದನ್ನು ಕುಗ್ಗಿಸಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಇಷ್ಟು ಓದಿದಾಗ ನಿಮಗೆ ತಲೆ ತಿರುಗಿದರೆ, ನಾಡಕಚೇರಿಯ ಮುಂದೆ ಫಾರಂ 57 ಹಿಡಿದು ನಿಂತವನ ಪಾಡು ಯೋಚಿಸಿ.

ಫಾರಂ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ಬಗರ್ ಹುಕುಂನಲ್ಲಿ, ಅಂದರೆ ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಾಗವನ್ನು ಸಕ್ರಮ ಮಾಡಿಸಿಕೊಳ್ಳಲು, ಮೊದಲು ಫಾರಂ 50, ಆಮೇಲೆ 53, ಆಮೇಲೆ 57. ಪ್ರತಿ ಸಲ ಇದೇ ಕೊನೆ ಅನ್ನುತ್ತಾರೆ. ಅರಣ್ಯ ಇಲಾಖೆ 1978ರ ಏಪ್ರಿಲ್ 27ಕ್ಕಿಂತ ಹಿಂದಿನ ಒತ್ತುವರಿ ಮಾತ್ರ ಸಕ್ರಮ ಅನ್ನುತ್ತದೆ. ಕಂದಾಯ ಇಲಾಖೆ ಅರ್ಜಿ ಕೊಡಿ ಅನ್ನುತ್ತದೆ, ಅರಣ್ಯ ಇಲಾಖೆ ನೋಟಿಸ್ ಕೊಡುತ್ತದೆ. ಎರಡೂ ಒಂದೇ ಸರ್ಕಾರದ ಇಲಾಖೆಗಳು. ಚುನಾವಣೆ ಹತ್ತಿರ ಬಂದಾಗ ಮೊದಲನೆಯದಕ್ಕೆ ಜೋರು, ಗುಡ್ಡ ಕುಸಿದಾಗ ಎರಡನೆಯದಕ್ಕೆ.

ಈ ಹಿನ್ನೆಲೆ ಇಟ್ಟುಕೊಂಡು ಕಸ್ತೂರಿರಂಗನ್ ವರದಿಗೆ ಬನ್ನಿ. ಮೊದಲು ಮಾಧವ ಗಾಡ್ಗೀಳ್ ಸಮಿತಿ, 2011ರಲ್ಲಿ ವರದಿ. ಅವರು ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮ ಎಂದು, ಮೂರು ವಲಯ ಮಾಡಿ, ಗ್ರಾಮಸಭೆಗಳ ಜೊತೆ ಕೂತು ಗಡಿ ತೀರ್ಮಾನಿಸಿ ಎಂದಿದ್ದರು. ಸರ್ಕಾರಗಳಿಗೆ ಅದು ಜಾಸ್ತಿ ಅನಿಸಿತು. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ ಘಟ್ಟದ ಸುಮಾರು 37 ಶೇಕಡಾ ಸಾಕು ಎಂದಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2014ರಿಂದ ಕೇಂದ್ರ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. ಅವಧಿ ಮುಗಿದು ಕರಡು ಬಿದ್ದುಹೋಗುತ್ತದೆ, ಮತ್ತೆ ಹೊಸದು. ಆರನೆಯದು 2024ರ ಜುಲೈ 31ರಂದು ಬಂತು, ವಯನಾಡಿನ ಭೂಕುಸಿತದ ಮರುದಿನ. ಸೆಪ್ಟೆಂಬರ್‌ನಲ್ಲಿ ನಮ್ಮ ಸಂಪುಟ ಒಪ್ಪುವುದಿಲ್ಲ ಎಂದಿತು. ಈ ಒಂದು ವಿಷಯದಲ್ಲಿ ರಾಜ್ಯದ ಎಲ್ಲ ಪಕ್ಷಗಳಿಗೂ ಒಮ್ಮತ.

ಕರಡಿನಲ್ಲಿ ಏನಿದೆ? ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ ನಿಷೇಧ. ಈಗಿರುವ ಗಣಿಗಳನ್ನು ಐದು ವರ್ಷದೊಳಗೆ ಮುಚ್ಚಬೇಕು. ಹೊಸದಾಗಿ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕಾರ್ಖಾನೆ, 20 ಸಾವಿರ ಚದರ ಮೀಟರಿಗಿಂತ ದೊಡ್ಡ ಕಟ್ಟಡ ಬೇಡ. ಅಡಕೆ ಬೆಳೆಯಬಾರದು ಅಂತ ಇಲ್ಲ. ಮನೆ ರಿಪೇರಿ ಮಾಡಬಾರದು ಅಂತಲೂ ಇಲ್ಲ. ಊರು ಖಾಲಿ ಮಾಡಿಸುತ್ತಾರೆ ಅನ್ನುವುದು ಶುದ್ಧ ಸುಳ್ಳು. ಆ ಸುಳ್ಳಿನಿಂದ ಲಾಭ ಯಾರಿಗೆ? ಕ್ವಾರಿಯವರಿಗೆ, ಗುಡ್ಡ ಅಗೆದು ರೆಸಾರ್ಟ್ ಕಟ್ಟುವವರಿಗೆ, ನೂರಾರು ಎಕರೆ ಒತ್ತುವರಿ ಮಾಡಿ ಎರಡು ಎಕರೆಯ ರೈತನನ್ನು ಮುಂದೆ ನಿಲ್ಲಿಸುವ ದೊಡ್ಡ ಎಸ್ಟೇಟುಗಳಿಗೆ. ಇದನ್ನು ನಮ್ಮಲ್ಲೇ ಜೋರಾಗಿ ಹೇಳುವವರು ಕಡಿಮೆ.

ಆದರೆ ಸುಳ್ಳು ನಂಬಿಕೆಗೆ ಬಿತ್ತಲ್ಲ, ಯಾಕೆ? ಹಿಂದಿನ ಅನುಭವ ಹಾಗಿದೆ. 'ನಿಮಗೇನೂ ತೊಂದರೆ ಇಲ್ಲ' ಎಂದು ಹೇಳಿ ಬರೆದ ಕಾಗದ ಇಪ್ಪತ್ತು ವರ್ಷದ ಮೇಲೆ ನೋಟಿಸ್ ಆಗಿ ಬಂದಿದ್ದನ್ನು ಪ್ರತಿ ಮನೆ ನೋಡಿದೆ. ಉಪಗ್ರಹಕ್ಕೆ ಅಡಕೆ ತೋಟವೂ ಹಸಿರು, ಅಕೇಶಿಯಾವೂ ಹಸಿರು, ಕಾನೂ ಹಸಿರು. ಅದರ ಮೇಲೆ ಕಾಗದಗಳ ಭಾಷೆ ಬೇರೆ. 2020ರ ಪರಿಸರ ಪರಿಣಾಮ ಅಧ್ಯಯನದ ನಿಯಮಗಳ ಕರಡು ಕನ್ನಡದಲ್ಲಿ ಸಿಗಲಿಲ್ಲ, ಹೈಕೋರ್ಟ್ ತಡೆ ಕೊಡಬೇಕಾಯಿತು. ಜನರನ್ನು ಕೇಳದೇ ಇರುವುದು ಮಾತ್ರ ಯಾವ ಕಾಲದ ಸರ್ಕಾರದಲ್ಲೂ ಬದಲಾಗಿಲ್ಲ.

ಈಗಿನ ಕಾಲದ ಆಸೆ ಏನು? ಹಸಿರು ವಿದ್ಯುತ್ತು. ಶರಾವತಿ ಪಂಪ್ಡ್ ಸ್ಟೋರೇಜ್, 2,000 ಮೆಗಾವ್ಯಾಟ್. ಪಾವಗಡದಂಥ ಸೋಲಾರ್ ಪಾರ್ಕುಗಳಿಂದ ಹಗಲು ಕರೆಂಟು ಹೆಚ್ಚಾಗಿ, ಸಂಜೆ ಬೇಡಿಕೆ ಏರಿದಾಗ ಸೂರ್ಯ ಇರುವುದಿಲ್ಲ. ಹೆಚ್ಚಾದ ಕರೆಂಟಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. ಎತ್ತಲು ಖರ್ಚಾಗುವ ಕರೆಂಟು ಮರಳಿ ಸಿಗುವುದಕ್ಕಿಂತ ಜಾಸ್ತಿ, ಹಾಗಾಗಿ ಇದು ಉತ್ಪಾದನೆಗಿಂತ ಸಂಗ್ರಹ. ಅಗತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಜಾಗ ನೋಡಿ. 2019ರಲ್ಲಿ ರಾಜ್ಯ ಸರ್ಕಾರವೇ ಅಭಯಾರಣ್ಯವನ್ನು ಸುಮಾರು 930 ಚದರ ಕಿಲೋಮೀಟರಿಗೆ ವಿಸ್ತರಿಸಿ ಶರಾವತಿ ಸಿಂಗಳೀಕ ಅಭಯಾರಣ್ಯ ಎಂದು ಹೆಸರಿಟ್ಟಿತು. 2025ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದರ ಒಳಗೇ ಸುರಂಗ, ರಸ್ತೆಗಳ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಿಂಗಳೀಕ ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ಮೇಲಿನ ಕೊಂಬೆಗಳ ದಾರಿ ತುಂಡಾದರೆ ಅದರ ಗುಂಪೂ ತುಂಡು.

ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಲಿಂಗನಮಕ್ಕಿ ತುಂಬಿದ ಮೇಲೆ ಅರವತ್ತು ವರ್ಷ ಲಾಂಚ್ ಕಾದರು. ಕಾಡಿನೊಳಗಿನ ಊರಿಗೆ ಕರೆಂಟು ತಂತಿ ಎಳೆಯಬೇಕು ಅಂದರೆ ಅರಣ್ಯ ಕಾಯ್ದೆಯ ಪಾಠ, ದೊಡ್ಡ ಯೋಜನೆಗೆ ಅದೇ ಕಾಯ್ದೆಯಲ್ಲಿ ಬಾಗಿಲು. ಕಡಿದ ಕಾಡಿಗೆ ಪರಿಹಾರದ ದುಡ್ಡು ನಿಧಿಗೆ ಕಟ್ಟಿದರಾಯಿತು, 2016ರಿಂದ ಅದಕ್ಕೂ ಒಂದು ಕಾಯ್ದೆ ಇದೆ. ಬೇರೆಲ್ಲೋ ಗಿಡ ನೆಡುತ್ತಾರಂತೆ.

ಕ್ವಾರಿ ಮತ್ತು ರೆಸಾರ್ಟಿಗೆ ಗಟ್ಟಿ ತಡೆ ಬೇಕೇ ಬೇಕು ಅನ್ನುವವನು ನಾನು. 2024ರಲ್ಲಿ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಜಾರಿದ್ದು ನೋಡಿದ ಮೇಲೂ ತಡೆ ಬೇಡ ಅನ್ನುವುದು ಹುಚ್ಚುತನ. ಆದರೆ ಆ ದುರಂತವಾದ ಮೇಲೆ ಸರ್ಕಾರ ಮಾಡಿದ ಘೋಷಣೆ ಏನು? ಘಟ್ಟದಲ್ಲಿ 2015ರಿಂದ ಈಚೆಗಿನ ಒತ್ತುವರಿ ತೆರವು. ಗುಡ್ಡ ಕಡಿದವರು ಒಬ್ಬರು, ನೋಟಿಸಿನ ಭಯ ಇನ್ನೊಬ್ಬರಿಗೆ.

ಹೊಸ ಗೆರೆ ಎಳೆಯುವ ಮೊದಲು ಹಳೆಯ ಗೆರೆ ಅಳಿಸಬೇಕು. ಕಂದಾಯ ಮತ್ತು ಅರಣ್ಯ ಇಲಾಖೆಯ ಜಂಟಿ ಸರ್ವೆ, ಅರಣ್ಯ ಕಾಯ್ದೆಯ ಸೆಕ್ಷನ್ 4ರ, ಅಂದರೆ ಮೀಸಲು ಅರಣ್ಯ ಮಾಡುವ ಉದ್ದೇಶದ, ಅಧಿಸೂಚನೆಯಲ್ಲೇ ದಶಕಗಳಿಂದ ನಿಂತ ಜಾಗಗಳಿಗೆ ಸೆಕ್ಷನ್ 17ರ ಅಂತಿಮ ತೀರ್ಮಾನ, ಮುಳುಗಡೆಯವರಿಗೆ ದೆಹಲಿಯಿಂದ ಒಮ್ಮೆಗೇ ಒಪ್ಪಿಗೆ. ಇವು ಮೂರು ಆದರೆ ಕಸ್ತೂರಿರಂಗನ್ ವಿರೋಧದ ಅರ್ಧ ಗಾಳಿ ಇಳಿಯುತ್ತದೆ ಅನ್ನುವುದು ನನ್ನ ಅಂದಾಜು. ಆಮೇಲೂ ಕೂಗುವವರು ಯಾರು ಅಂತ ನೋಡಬಹುದು.

ಅಲ್ಲಿಯವರೆಗೆ, ಈ ಕಡೆ ಜಾಗ ಇರುವವರು ಭಾಷಣ ಕೇಳುವ ಮೊದಲು ಎರಡು ಕೆಲಸ ಮಾಡಿ. ಪಹಣಿ ತೆಗೆಸಿ 11ನೇ ಕಾಲಂನಲ್ಲಿ ಏನು ಬರೆದಿದೆ ನೋಡಿ. ಕರಡಿನ ಕೊನೆಯಲ್ಲಿರುವ ಹಳ್ಳಿಗಳ ಪಟ್ಟಿಯಲ್ಲಿ ನಿಮ್ಮೂರು ಇದೆಯಾ ಎಂದು ಪಂಚಾಯಿತಿಯಲ್ಲಿ ಕೇಳಿ. ಮತ್ತೆ ಕರಡು ಬಂದರೆ ಆಕ್ಷೇಪಣೆಗೆ ಸಿಗುವುದು 60 ದಿನ. ಗ್ರಾಮಸಭೆಯಲ್ಲಿ ಓದಿ, ಒಪ್ಪುವುದು ಯಾವುದು, ಒಪ್ಪದ್ದು ಯಾವುದು ಎಂದು ಸರ್ವೆ ನಂಬರ್ ಸಮೇತ ಬರೆದು ಕಳಿಸಿ, ರಸೀದಿ ಇಟ್ಟುಕೊಳ್ಳಿ.